ದರ್ಜಿಯ ಒಂದು ವಾಕ್ಯ

ಆಸ್ಪತ್ರೆಯ ಆ ಕೋಣೆಯಲ್ಲಿ ಈಗ ಹಳೆಯ ಕಡತ ತುಂಬಿದ್ದಾರೆ. ಆ ಕಡೆ ಹೋದಾಗಲೆಲ್ಲ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾವು ಐದು ಜನ ಉಗ್ಗುವವರು ಪ್ರತಿ ಮಂಗಳವಾರ ಸಂಜೆ ಅಲ್ಲಿ ಸೇರುತ್ತಿದ್ದೆವು. ಮೊದಲ ತಿಂಗಳು, ಟಿಕೆಟ್ ಕೌಂಟರಿನ ಮುಂದೆ ನಿಂತವರ ಹಾಗೆ, ಎಲ್ಲರೂ ಮಾತು ಕಲಿಸುವ ಮೇಡಂಗೆ ಮಾತ್ರ ಉತ್ತರ ಕೊಡುತ್ತಿದ್ದೆವು. ಒಮ್ಮೆ ನಮ್ಮಲ್ಲೊಬ್ಬನಾದ ದರ್ಜಿ ಒಂದು ಪದದಲ್ಲಿ ಸಿಕ್ಕಿಕೊಂಡಾಗ ಪಕ್ಕದಲ್ಲಿದ್ದ ಇನ್ನೊಬ್ಬ, ಬಸ್ ಕಂಡಕ್ಟರ್, "ನಿ-ನಿಧಾನ ಕಣಯ್ಯಾ. ನನ್ ಬಸ್ಸು ಈ ಸ್ಟಾಪಲ್ಲಿ ದಿನಾ ಅರ್ಧ ಗಂಟೆ ನಿಲ್ಲುತ್ತೆ" ಎಂದ. ದರ್ಜಿ ಬಿದ್ದು ಬಿದ್ದು ನಕ್ಕ. ಮೇಡಂ ಮೆಲ್ಲನೆ ತಮ್ಮ ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ಅಂದಿನಿಂದ ನಾವು ನಮ್ಮ ನಮ್ಮಲ್ಲೇ ಮಾತಾಡತೊಡಗಿದೆವು. ಇದ್ದದ್ದು ಒಂದೇ ಕಟ್ಟುಪಾಡು: ಒಬ್ಬರ ಪದವನ್ನು ಇನ್ನೊಬ್ಬರು ಮುಗಿಸಬಾರದು.

ಅದನ್ನು ಮುರಿದವನು ನಾನು.

ದರ್ಜಿಗೂ ಅವನ ಅಣ್ಣನಿಗೂ ಹತ್ತು ವರ್ಷದಿಂದ ಮಾತಿರಲಿಲ್ಲ. ತನ್ನ ಮಗಳ ಮದುವೆಗೆ ಅಣ್ಣನನ್ನು ತಾನೇ ಬಾಯಿಬಿಟ್ಟು ಕರೆಯಬೇಕೆಂಬ ಹಟ ದರ್ಜಿಯದು. "ಅಣ್ಣ, ಮದುವೆಗೆ ಬಾ" ಎಂಬಷ್ಟನ್ನೇ ನಮ್ಮೆದುರು ಅಭ್ಯಾಸ ಮಾಡುತ್ತಿದ್ದ. ಆ ದಿನ "ಮ... ಮ..." ಎನ್ನುತ್ತ ಅವನ ಕುತ್ತಿಗೆಯ ನರ ಉಬ್ಬಿತು. ನನಗೆ ನೋಡಲಾಗಲಿಲ್ಲ. "ಮದುವೆಗೆ" ಎಂದುಬಿಟ್ಟೆ. ಹಾಳಾದ್ದು, ಎಂದೂ ಇಲ್ಲದ್ದು ಅಂದು ಸಲೀಸಾಗಿ ಬಂತು.

"ಹಾ-ಹಾಗಾದ್ರೆ ನೀವೇ ಕರೀರಿ" ಎಂದು ಅವನು ಎದ್ದು ಹೋದ.

ಎರಡು ಮಂಗಳವಾರ ಬರಲಿಲ್ಲ. ಉಳಿದವರೂ ಮತ್ತೆ ಮೇಡಂ ಮುಖವನ್ನೇ ನೋಡಿ ಮಾತಾಡತೊಡಗಿದರು. ತಡೆಯಲಾಗದೆ ಅವನ ಅಂಗಡಿಗೆ ಹೋದೆ. "ತಪ್ಪಾಯ್ತು" ಎನ್ನಲು ನಾಲ್ಕು ಸಲ ಹೆಣಗಿದೆ. ಅವನು ಹೊಲಿಗೆ ಯಂತ್ರ ನಿಲ್ಲಿಸಿ ಕಾದ. ಆಮೇಲೆ ಸ್ಟೂಲು ತೋರಿಸಿದ.

"ಕೂತ್ಕೊಳ್ಳಿ. ಬಾ-ಬಾಯಿ ಮುಚ್ಕೊಂಡು."

ಫೋನೆತ್ತಿ ಅಣ್ಣನ ನಂಬರ್ ತಿರುಗಿಸಿದ. ಆ ಕಡೆಯಿಂದ "ಹಲೋ" ಕೇಳಿಸಿತು. ಇವನ ತುಟಿ ಅಲುಗಿತೇ ಹೊರತು ಸ್ವರ ಹೊರಡಲಿಲ್ಲ. ನಾನು ನಾಲಗೆ ಕಚ್ಚಿಕೊಂಡು ಕುಳಿತೆ.

"ಹಲೋ, ಯಾರ್ರೀ ಅದು?"

ಇನ್ನೇನು ಇಟ್ಟುಬಿಡುತ್ತಾರೆ ಅಂದುಕೊಂಡೆ. ಸ್ವಲ್ಪ ತಡೆದು ಆ ಧ್ವನಿ ಮೆತ್ತಗಾಯಿತು: "ಪುಟ್ಟಾ, ನೀನೇನೋ? ಹೇಳು. ನಾನು ಇಡಲ್ಲ."

ಎಷ್ಟು ಹೊತ್ತು ಹಿಡಿಯಿತೋ, ನಾನು ಗಡಿಯಾರ ನೋಡಲಿಲ್ಲ. ವಾಕ್ಯ ಪೂರ್ತಿ ಬಂತು, ಪೂರ್ತಿ ಅವನದೇ. ಫೋನಿಟ್ಟು ಕಣ್ಣೊರೆಸಿಕೊಂಡು ಹೇಳಿದ: "ಬರ್ತಾನಂತೆ. ಕೋಟು ನಾನೇ ಹೊಲೀಬೇಕಂತೆ. ಹಳೇ ಅಳತೆ ಸಾ-ಸಾಲಲ್ವಂತೆ, ಹೊಟ್ಟೆ ಬಂದಿದೆಯಂತೆ!"

ಮುಂದಿನ ಮಂಗಳವಾರ ಇದನ್ನೆಲ್ಲ ಅವನೇ ಹೇಳಿದ, ಅಣ್ಣನ ಹೊಟ್ಟೆಯವರೆಗೂ. ಅಷ್ಟರಲ್ಲಿ ಕತ್ತಲಾಗಿತ್ತು. ಕಂಡಕ್ಟರನ ಮಾತಿನ ಸರದಿ ಬರಲೇ ಇಲ್ಲ. ಕೇಳುತ್ತ ಕೂತಿದ್ದ ಅವನಿಗೆ ಅದರ ನೆನಪೂ ಆಗಲಿಲ್ಲ.