ಅಲುಗಿದ ಚಿತ್ರಗಳು

ಸಿನಿಮಾ ಪರದೆಯ ಎಡಗಡೆಯ ಮೂಲೆ ಮೊಳೆಗೆ ನಿಲ್ಲುತ್ತಿರಲಿಲ್ಲ. ಸ್ಟುಡಿಯೋ ಯಜಮಾನರು ಕುರ್ಚಿ ಹತ್ತಿ, ದಾರದ ತುಂಡನ್ನು ಬಾಯಲ್ಲಿ ಕಚ್ಚಿಕೊಂಡು, ಮತ್ತೊಮ್ಮೆ ಗಂಟು ಹಾಕುತ್ತಿದ್ದರು. ಮಗಳು ಕುರ್ಚಿ ಅಲುಗದಂತೆ ಹಿಡಿದು ನಿಂತಿದ್ದಳು. ಅವರ ಹಿಂದೆ, ಉದ್ದನೆಯ ಮೇಜಿನ ಮೇಲೆ, ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು ಅವಳ ತಾಯಿ ಮಲಗಿದ್ದಳು. ಪರದೆ ಸೊಟ್ಟಗಿದ್ದರೆ ತಾಯಿಗೆ ಆಗುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿದ್ದುದರಿಂದ ಇಬ್ಬರೂ ಆ ಮೂಲೆಯನ್ನು ಬಿಡುತ್ತಿರಲಿಲ್ಲ.

"ಈಗ ನೋಡಮ್ಮ, ನೇರ ಇದೆಯಾ?"

"ಬಲಗಡೆ ಒಂಚೂರು ಜಗ್ಗಿದೆ ಮಾಮ."

"ಅಕ್ಕನ ಮಗಳೇ ಸರಿ ನೀನು," ಎಂದು ಅವರು ಗಂಟು ಬಿಚ್ಚಿದರು.

ಅದು ತಾಯಿ ಮಕ್ಕಳು ವಾಸವಿದ್ದ ಕಟ್ಟಡದ ಕೆಳಗಿನ ಕೋಣೆ. ನೀರಿನ ಪಂಪು ಕೆಟ್ಟಾಗ, ಕಸದ ಜಗಳವಾದಾಗ ಕಟ್ಟಡದವರು ಅಲ್ಲಿ ಸಭೆ ಸೇರುತ್ತಿದ್ದರು. ಯಾವುದೋ ಹಳೆಯ ಆಸ್ಪತ್ರೆಯಿಂದ ತಂದ ಕುರ್ಚಿಗಳು. ಒಂದು ಸಾಲಿನವೆಲ್ಲ ಒಂದೇ ಕಬ್ಬಿಣದ ಪಟ್ಟಿಗೆ ಬೆಸೆದಿದ್ದವು. ಮುಂದಿನ ಸಾಲಿನಲ್ಲಿ ಅವಳ ಅಣ್ಣ ಆಗಲೇ ಬಂದು ಕೂತಿದ್ದ. ಮೂವತ್ತು ದಾಟಿದವನು. ಇಸ್ತ್ರಿ ಹಾಕಿದ ಅಂಗಿ, ತಂಗಿ ಬಾಚಿದ ತಲೆ. ಹುಟ್ಟಿನಿಂದ ಅವನ ಮೈ ನಿಂತಲ್ಲಿ ನಿಲ್ಲುವುದಿಲ್ಲ. ಸೊಂಟದಿಂದ ಮೇಲೆ ಎಡಕ್ಕೂ ಬಲಕ್ಕೂ ತೂಗುತ್ತಲೇ ಇರುತ್ತದೆ. ಖುಷಿಯಾದರೆ ಇನ್ನೂ ಜೋರು. ಬೀದಿಯವರು ಅವನಿಗೆ ಉಯ್ಯಾಲೆ ಎಂದು ಹೆಸರಿಟ್ಟಿದ್ದರು. ಅವನೂ ಒಪ್ಪಿಕೊಂಡಿದ್ದ.

ಅವನು ತೂಗಿದರೆ ಪಟ್ಟಿಗೆ ಬೆಸೆದ ಸಾಲೆಲ್ಲ ಕಿರ್ ಕಿರ್ ಎಂದು ತೂಗುತ್ತಿತ್ತು. ತಾಯಿಯ ಅಕ್ಕ, ಅಂದರೆ ದೊಡ್ಡಮ್ಮ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ನೋಡಿದಳು. ಆಮೇಲೆ, ನನಗೆ ದೋಣಿಯಲ್ಲಿ ಕೂತಂಗಾಗುತ್ತಪ್ಪ ಎನ್ನುತ್ತಾ ಹಿಂದಿನ ಸಾಲಿಗೆ ಹೋದಳು. ಉಳಿದ ಇಬ್ಬರು ಮೂವರೂ ಮೆಲ್ಲಗೆ ಎದ್ದರು. ಮುಂದಿನ ಸಾಲು ಅವನೊಬ್ಬನದೇ ಆಯಿತು.

ಅವನು ತಂಗಿಯನ್ನು ಕರೆದ. "ನಮ್ಮದು ಇವತ್ತಾ?"

"ಹೂಂ ಅಣ್ಣ, ಇವತ್ತೇ."

ಅವನು ಪರದೆಯ ಕಡೆ ತಿರುಗಿ ಜೋರಾಗಿ ತೂಗತೊಡಗಿದ.

* * *

ತಾಯಿ ಸ್ಟುಡಿಯೋಗೆ ಸೇರಿದ್ದು ಸ್ಲೈಡುಗಳ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ. ಮದುವೆ, ಶಾಲೆಯ ವಾರ್ಷಿಕೋತ್ಸವ, ಯಾರದೋ ನಿವೃತ್ತಿ, ಯಾರದೋ ಸಾವು: ಫೋಟೋಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಹಾಡು ಸೇರಿಸಿ, ಗೋಡೆಯ ಮೇಲೆ ತೋರಿಸುವುದು ಅವಳ ಕೆಲಸ. ಎರಡು ಪ್ರೊಜೆಕ್ಟರುಗಳ ನಡುವೆ ನಿಂತು ಒಂದನ್ನು ಮಂಕು ಮಾಡುತ್ತಾ ಇನ್ನೊಂದನ್ನು ಬೆಳಗಿಸಬೇಕಿತ್ತು. ಕ್ಯಾಸೆಟ್ಟು ಸ್ವಲ್ಪ ಹಿಂದೆ ಬಿದ್ದರೂ ಮದುಮಗಳಿಗೆ ಹಾಕಿದ ಹಾಡು ಅತ್ತೆಯ ಮುಖದ ಮೇಲೆ ಬಂದು ಕೂರುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. ಆಗಲೂ ಆರಿಸುವುದು, ಜೋಡಿಸುವುದು ಅವಳ ಕೈಯಲ್ಲೇ ಇತ್ತು.

ಕೆಲವು ವರ್ಷಗಳ ಹಿಂದೆ ಯಜಮಾನರು ಹೊಸ ಪ್ರೋಗ್ರಾಮ್ ತಂದರು. ಫೋಟೋಗಳನ್ನೆಲ್ಲ ಅದರ ಬಾಯಿಗೆ ಸುರಿದರೆ ಸಾಕು. ಚೆನ್ನಾಗಿರುವುದನ್ನು ಅದೇ ಆರಿಸುತ್ತದೆ, ಬಣ್ಣ ನೋಡಿ ಗುಂಪು ಮಾಡುತ್ತದೆ, ತಲೆಬರಹ ಕೊಡುತ್ತದೆ, ಯಾರ ಮುಖ ಎಷ್ಟು ಹೊತ್ತು ನಿಲ್ಲಬೇಕೆಂದು ಹಾಡಿನ ತಾಳ ನೋಡಿ ತಾನೇ ಹೇಳುತ್ತದೆ. ಟೀ ಕುಡಿದು ಬರುವಷ್ಟರಲ್ಲಿ ಸಿನಿಮಾ ಸಿದ್ಧ. ತಾಯಿ ಮುನಿಸಿಕೊಳ್ಳಬಹುದೆಂದು ಯಜಮಾನರು ಅಂಜಿದ್ದರು. ಅವಳೇನೂ ಮುನಿಸಿಕೊಳ್ಳಲಿಲ್ಲ. ನನ್ನ ಬೆನ್ನುನೋವು ಅದಕ್ಕಿಲ್ಲ, ಬರಲಿ ಬಿಡಿ ಎಂದಳು. ಅದಕ್ಕೆ 'ಸೊಸೆ' ಎಂದು ಹೆಸರಿಟ್ಟಳು. ಕೈ ಚುರುಕು, ಅಲಂಕಾರ ಬಲ್ಲವಳು. ಈ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಮಾತ್ರ ಗೊತ್ತಿಲ್ಲ, ಪಾಪ ಎನ್ನುತ್ತಿದ್ದಳು.

ಸೊಸೆ ಆರಿಸದೆ ಬಿಟ್ಟ ಫೋಟೋಗಳು 'ಬಿಟ್ಟವು' ಎಂಬ ಫೋಲ್ಡರಿಗೆ ಹೋಗಿ ಬೀಳುತ್ತಿದ್ದವು. ಸಿನಿಮಾ ಸಿದ್ಧವಾದ ಮೇಲೆ ತಾಯಿ ಆ ಫೋಲ್ಡರನ್ನು ತೆಗೆದು ಕೂರುತ್ತಿದ್ದಳು. ಹಲ್ಲು ಬಿದ್ದಿದೆಯೆಂದು ಬಾಯಿಗೆ ಕೈ ಅಡ್ಡ ಹಿಡಿದೇ ಇರುವ ಅಜ್ಜಿ ಅಲ್ಲಿರುತ್ತಿದ್ದಳು. ಎಲ್ಲ ಫೋಟೋದಲ್ಲೂ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದ ಅತ್ತಿಗೆ, ತೊಟ್ಟಿಲಲ್ಲಿ ಕಿರುಚುತ್ತಾ ಕೈಕಾಲು ಬಡಿಯುತ್ತಿದ್ದ ಮಗು. ಒಬ್ಬೊಬ್ಬರನ್ನೇ ಎತ್ತಿ ತಂದು ಕೂರಿಸಲು ಜಾಗ ಹುಡುಕುತ್ತಿದ್ದಳು. ಹೊತ್ತಾಗುತ್ತದೆಂದು ಯಜಮಾನರು ಗೊಣಗುತ್ತಿದ್ದರು. ನೋಡುವವರಿಗೆ ಇದೆಲ್ಲ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು.

"ನೋಡೋರಿಗೆ ಗೊತ್ತಾಗಲ್ಲ ಸಾರ್," ಎಂದಿದ್ದಳು ಒಮ್ಮೆ. "ಯಾರನ್ನ ಬಿಟ್ಟಿರ್ತೀವೋ ಅವರಿಗೆ ಗೊತ್ತಾಗುತ್ತೆ."

ಕಾಗದದ ಕವರು ಅಂಟಿಸುವ ಕೆಲಸ ಮುಗಿಸಿ ಅಣ್ಣ ದಿನಾ ಸ್ಟುಡಿಯೋಗೆ ಬಂದು ತಾಯಿಯ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದ. ಪರಿಚಯವಿಲ್ಲದವರ ಮದುವೆ, ಹುಟ್ಟುಹಬ್ಬಗಳನ್ನೆಲ್ಲ ಕಣ್ಣು ಪಿಳುಕಿಸದೆ ನೋಡುತ್ತಿದ್ದ. ಇವರು ಯಾರು ಎಂದರೆ, ಆ ಮನೆಯವರು ಎನ್ನುತ್ತಿದ್ದಳು ತಾಯಿ. ಎಲ್ಲಾರೂ ಬಂದರಾ ಎಂದರೆ, ಎಲ್ಲಾರೂ ಬಂದರು. ನಮ್ಮದು ಯಾವಾಗ ಎಂದರೆ, ಬರುತ್ತೆ ಕಣೋ, ನಮ್ಮದೂ ಒಂದು ದಿನ ಬರುತ್ತೆ.

* * *

ದೀಪ ಆರಿಸಿದರು. ಹಿಂದೆ ಯಾರೋ ಕೆಮ್ಮಿದರು. ಪರದೆಯ ಮೇಲೆ 'ಒಂದು ಸುಂದರ ಪಯಣ' ಎಂಬ ಅಕ್ಷರಗಳು ಮಂಜಿನೊಳಗಿಂದ ಬಂದಂತೆ ಬಂದವು. ಪಿಯಾನೋ ಶುರುವಾಯಿತು.

ಮಗಳು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಜನರಿದ್ದ ಕಡೆ ಅವಳು ಯಾವಾಗಲೂ ಬಾಗಿಲ ಪಕ್ಕವೇ. ಹಿಂದಿನ ದಿನ ತಗಡಿನ ಡಬ್ಬದಲ್ಲಿದ್ದ ಹಳೆಯ ಫೋಟೋಗಳನ್ನೂ ತಾಯಿಯ ಫೋನನ್ನೂ ಯಜಮಾನರ ಕೈಗೆ ಕೊಟ್ಟಾಗ, ನೀನೇನೂ ತಲೆ ಕೆಡಿಸ್ಕೋಬೇಡ, ಎಲ್ಲಾ ಅದೇ ಮಾಡುತ್ತೆ ಎಂದಿದ್ದರು. ಅವರಿಗೂ ನಿದ್ದೆಯಿರಲಿಲ್ಲ, ಕಣ್ಣು ಕೆಂಪಾಗಿದ್ದವು.

ಸಿನಿಮಾ ಚೆನ್ನಾಗಿತ್ತು. ಎರಡು ಜಡೆಯ ಹುಡುಗಿಯಾಗಿ ತಾಯಿ ಬಂದಳು, ಪ್ರೊಜೆಕ್ಟರಿನ ಪಕ್ಕ ನಿಂತವಳಾಗಿ ಬಂದಳು. ದೊಡ್ಡಮ್ಮ ಅಡಿಗಡಿಗೆ ಬಂದಳು. ಅವಳಿಗೆ ಫೋಟೋ ಎಂದರೆ ಕತ್ತು ನೆಟ್ಟಗೆ ಮಾಡಿ ನಿಲ್ಲುವ ಅಭ್ಯಾಸ. 'ಪ್ರವಾಸದ ನೆನಪು' ಎಂಬ ತಲೆಬರಹದಡಿ ತಾಯಿ ದೊಡ್ಡ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ಇದೆಲ್ಲಿಯ ಪ್ರವಾಸ, ಆಪರೇಷನ್ನಿಗೆ ಹೊರಟಿದ್ದು ಎಂದು ದೊಡ್ಡಮ್ಮ ಕತ್ತಲಲ್ಲಿ ಹೇಳಿದಾಗ ಒಂದಿಬ್ಬರು ನಕ್ಕರು. ಅಳುತ್ತಿದ್ದವರೂ ನಕ್ಕರು.

'ಆತ್ಮೀಯರು' ಎಂದು ಬಂತು. ಅದರಡಿ ಇಡೀ ಪರದೆ ತುಂಬ ಎದುರುಮನೆಯ ನಾಯಿ ನಿಂತಿತು. ಹೊಸ ಫೋನು ಕೊಂಡ ದಿನ ಕ್ಯಾಮೆರಾ ಹೇಗಿದೆ ನೋಡೋಣವೆಂದು ತಾಯಿ ತೆಗೆದದ್ದು. ಮೂಗಿನ ಮೇಲಿನ ಹನಿ ಕೂಡ ಕಾಣುವಷ್ಟು ಸ್ಪಷ್ಟವಾಗಿತ್ತು. ಎದುರುಮನೆಯಾಕೆ, ಅಯ್ಯೋ ನಮ್ಮದು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಮಗಳು ಅಣ್ಣನನ್ನು ನೋಡಿದಳು. ಅವನು ಪ್ರತಿ ಫೋಟೋ ಬಂದಾಗಲೂ ಮುಂದಕ್ಕೆ ಬಾಗಿ, ಹೋದಾಗ ಹಿಂದಕ್ಕೆ ಸರಿಯುತ್ತಿದ್ದ. ಒಂದು ಕಡೆ ತಾಯಿಯ ಭುಜದ ಪಕ್ಕ ಬೂದುಬಣ್ಣದ ಹೊಗೆಯಂಥದ್ದೇನೋ ಕಂಡಿತು. ಚಿತ್ರ ಕೂಡಲೇ ತಾಯಿಯ ಮುಖದ ಕಡೆಗೆ ಸರಿದು ದೊಡ್ಡದಾಯಿತು. ಹೊಗೆ ಅಂಚಿನಿಂದಾಚೆ ಹೋಯಿತು. ಪಿಯಾನೋ ಏರಿ, ಇಳಿದು, ನಿಂತಿತು. ದೀಪ ಹಾಕಿದರು.

"ಮುಗೀತಾ?" ಎಂದ ಅಣ್ಣ.

ಜನ ಸೆರಗು, ಕರವಸ್ತ್ರಗಳಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ನಾಯಿ ಬಂತು," ಎಂದ. ಖಾಲಿ ಪರದೆ ನೋಡುತ್ತಾ, "ನಾನು ಬರಲಿಲ್ಲ," ಎಂದ.

ಕಿರ್ ಕಿರ್ ಸದ್ದು ನಿಂತಿತ್ತು. ಅವನು ತೂಗುತ್ತಿರಲಿಲ್ಲ. ಎಚ್ಚರವಿರುವಾಗ ಅವನು ಹಾಗೆ ಕೂತದ್ದನ್ನು ಮಗಳು ನೋಡಿರಲಿಲ್ಲ. ಸದ್ಯ ಸುಮ್ಮನಾದ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಸ್ಮಶಾನದ ಗಾಡಿ ಬರುವ ಹೊತ್ತಾಯಿತು ಎಂದು ಇನ್ಯಾರೋ ಅಂದರು. ಅವನಿಗೆಲ್ಲಿ ಗೊತ್ತಾಗುತ್ತೆ, ಒಂದು ಲೋಟ ಹಾಲು ಕೊಡಿ ಎಂದಳು ದೊಡ್ಡಮ್ಮ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.

ಮಗಳು ಗೋಡೆ ಬಿಟ್ಟು ಯಜಮಾನರ ಬಳಿ ಹೋದಳು. ಅವರು ವೈರು ಸುತ್ತುತ್ತಿದ್ದರು.

"ಅಣ್ಣ ಎಲ್ಲೂ ಇಲ್ಲ ಮಾಮ."

ಅವರು ಸುತ್ತುವುದನ್ನು ನಿಲ್ಲಿಸಿದರು. ಅವನ ಫೋಟೋಗಳೆಲ್ಲ ಅಲುಗಿರುತ್ತವಲ್ಲ, ಅಲುಗಿದ್ದನ್ನು ಅದು ಆರಿಸುವುದೇ ಇಲ್ಲ, 'ಬಿಟ್ಟವು' ಫೋಲ್ಡರಿಗೆ ಎತ್ತಿಹಾಕಿಬಿಡುತ್ತದೆ ಎಂದರು. ಆಮೇಲೆ ದನಿ ತಗ್ಗಿಸಿ, "ಬಿಟ್ಟದ್ದನ್ನ ಅಕ್ಕನೇ ನೋಡ್ತಿದ್ದರು ಕಣಮ್ಮ," ಎಂದರು. "ಯಾವಾಗಲೂ ಅವರೇ. ನಿನ್ನೆ ನನಗೆ ಹೊಳೀಲೇ ಇಲ್ಲ."

ಅವರ ಕಣ್ಣು ಮೇಜಿನ ಕಡೆ ಹೋಯಿತು. ಬಿಳಿ ಬಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ ಕಣ್ಣು ತಗ್ಗಿಸಿದರು.

ಮತ್ತೆ ಕಂಪ್ಯೂಟರ್ ತೆರೆದು, ಎಲ್ಲವನ್ನೂ ಸೇರಿಸಿ ಇನ್ನೊಮ್ಮೆ ಜೋಡಿಸು ಎಂದು ಸೊಸೆಗೆ ಹೇಳಿದರು. ಅದು ಲೆಕ್ಕ ಹಾಕಿತು. ಹೊಸ ತಲೆಬರಹ ಕೊಟ್ಟಿತು, ಹಾಡು ಬದಲಾಯಿಸಿತು. ಅಲುಗಿದ ಫೋಟೋಗಳನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನಾಯಿಯ ಕೆಳಗೆ ಸಾಲಾಗಿ ಇಟ್ಟಿತು. ಹೊರಗೆ ಗಾಡಿಯ ಹಾರ್ನ್ ಕೇಳಿಸಿತು.

"ಜೋಡಿಸೋದು ಬೇಡ ಮಾಮ," ಎಂದಳು ಮಗಳು. "ಆ 'ಬಿಟ್ಟವು' ಫೋಲ್ಡರ್ ತೆರೀರಿ. ನಾನೇ ಒಂದೊಂದಾಗಿ ತೋರಿಸ್ತೀನಿ."

"ಹಾಡಿರಲ್ಲ."

"ಬೇಡ."

ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟರು.

* * *

ಅಣ್ಣ ಹುಡುಗನಾಗಿದ್ದಾಗ ಬಸ್ಸಿನ ಪಾಸು ಮಾಡಿಸಲು ಒಂದು ಫೋಟೋ ಬೇಕಾಗಿತ್ತು. ಆಗ ಯಜಮಾನರಿನ್ನೂ ತೆಳ್ಳಗಿದ್ದರು, ಕೋಪ ಜಾಸ್ತಿ. ಅಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿ, ಅಲುಗಬೇಡ ಎಂದರು. ಗೋಡೆಗೆ ಒರಗಿಸಿದರು. ತಾಯಿಗೆ ಭುಜ ಹಿಡಿದುಕೊಳ್ಳಲು ಹೇಳಿದರು. ಹಿಡಿದಷ್ಟೂ ಅವನು ಬೆದರಿದ, ಬೆದರಿದಷ್ಟೂ ತೂಗಿದ. ಕೊನೆಗೆ, ಮಲಗಿದಾಗ ಮನೆಗೇ ಬಂದು ತೆಗೀತೀನಿ ಅಕ್ಕ, ಆಗ ಕಲ್ಲಿನಂಗೆ ಇರ್ತಾನೆ ಎಂದರು.

"ಮಲಗಿದಾಗ ಎಲ್ಲಾರೂ ಒಂದೇ ಥರ ಇರ್ತಾರೆ ಸಾರ್," ಎಂದಳು ತಾಯಿ.

ಪಾಸಿನ ಫೋಟೋ ಹೇಗೋ ಆಯಿತು. ಜೋರಾದ ಬೆಳಕು ಹಾಯಿಸಿ ತೆಗೆದರು; ಅದರಲ್ಲಿ ಅವನು ಕಳ್ಳನ ಹಾಗೆ ಕಣ್ಣರಳಿಸಿದ್ದ. ಆ ಫೋಟೋ ಪಾಸಿನ ಜೊತೆಗೇ ಕಳೆದುಹೋಯಿತು. ಅದಾದ ಮೇಲೆ ತಾಯಿ ಇನ್ನೊಂದು ಸ್ಟೂಲು ಎಳೆದುಕೊಂಡು ಮಗನ ಪಕ್ಕ ಕೂತು, ಈಗ ಒಂದು ನಮಗೆ ಅಂತ ತೆಗೀರಿ ಎಂದಳು. ಬೆಳಕು ಬೇಡ, ಇದ್ದದ್ದರಲ್ಲೇ ತೆಗೀರಿ. ಇದ್ದ ಬೆಳಕಿನಲ್ಲಿ ನಿಧಾನಕ್ಕೆ ತೆಗೆಯಬೇಕಾಗುತ್ತೆ, ಬರಲ್ಲ ಅಕ್ಕ, ಹಾಳಾಗುತ್ತೆ ಎಂದರು ಯಜಮಾನರು. ಹಾಳಾಗಲಿ ಎಂದಳು. ಅವರು ಒತ್ತಿದರು. ಕ್ಯಾಮೆರಾದಿಂದ ಕಣ್ಣು ತೆಗೆದವರು, ನೀವು ಯಾಕೆ ಅಲುಗಿದಿರಿ ಎಂದು ಅವಳನ್ನು ಬೈದರು.

ಆ ದಿನ ಮಗಳು ಚಿಕ್ಕವಳು. ಬಾಗಿಲ ಪಕ್ಕ ನಿಂತು ನೋಡಿದ್ದಳು.

* * *

ಮಗಳು ಗುಂಡಿ ಒತ್ತಿದಳು. ಪರದೆಯ ಮೇಲೆ ಅಡುಗೆಮನೆ ಬಂತು. ಡಬ್ಬಗಳು, ಒಲೆ, ಕಿಟಕಿ, ಕಿಟಕಿಯ ಮುಂದೆ ನೀಲಿ ಅಂಗಿಯ ಮಸುಕು.

"ನಾನು," ಎಂದ ಅಣ್ಣ.

ಹೊರಡಲೆಂದು ಎದ್ದವರು ನಿಂತಲ್ಲೇ ನಿಂತರು. ಮಗಳು ಮತ್ತೆ ಒತ್ತಿದಳು. ಸಮುದ್ರದ ದಂಡೆ, ಸಾಲಾಗಿ ಚಪ್ಪಲಿಗಳು, ಅವುಗಳ ಹಿಂದೆ ಹಳದಿಯ ಗೀರು.

"ನಾನು. ಚಪ್ಪಲಿ ಅಮ್ಮಂದು."

ಒಂದರ ಹಿಂದೆ ಒಂದು ಬಂದವು. ಹಾಡಿರಲಿಲ್ಲ, ಅವನು ಹೇಳುವುದು ಮುಗಿಯುವವರೆಗೆ ಅವಳು ಕಾದು ಒತ್ತುತ್ತಿದ್ದಳು. ಕೆಂಪು ಗೀರು, ಹಸಿರು ಗೀರು, ಹುಟ್ಟುಹಬ್ಬದ ಮೇಣದಬತ್ತಿಯ ಹಿಂದೆ ಬರೀ ಹೊಗೆ. ಮೊದಮೊದಲು ದೊಡ್ಡಮ್ಮ ಯಾವುದು ಏನೆಂದು ಪಕ್ಕದವರನ್ನು ಕೇಳುತ್ತಿದ್ದಳು. ಆಮೇಲೆ ಕೇಳಲಿಲ್ಲ. ಗಾಡಿಯವನು ಬಾಗಿಲಲ್ಲಿ ಇಣುಕಿ, ಕೈಗಡಿಯಾರ ನೋಡಿಕೊಂಡು, ಟೋಪಿ ತೆಗೆದು ಅಲ್ಲೇ ನಿಂತ.

ಕೊನೆಯದು ಕಪ್ಪು-ಬಿಳುಪು. ಸ್ಟುಡಿಯೋದ ಗೋಡೆ. ಗೋಡೆಯ ಗಡಿಯಾರದ ಮುಳ್ಳು ಸ್ಪಷ್ಟ. ಎರಡು ಸ್ಟೂಲುಗಳ ಕಾಲುಗಳು, ನೆಲದ ಬಿರುಕು ಎಲ್ಲ ಸ್ಪಷ್ಟ. ಸ್ಟೂಲುಗಳ ಮೇಲೆ ಎರಡು ಮಸುಕುಗಳು, ಒಂದು ದೊಡ್ಡದು, ಒಂದು ಸಣ್ಣದು. ಎರಡೂ ಒಂದೇ ಕಡೆಗೆ ವಾಲಿದ್ದವು.

ಯಜಮಾನರು ಮುಖ ಒರೆಸಿಕೊಳ್ಳುತ್ತಿದ್ದವರು ಕರವಸ್ತ್ರ ಹಿಡಿದ ಹಾಗೇ ನಿಂತರು.

"ಇದರಲ್ಲಿ ನನ್ನ ತಂಗಿ ಯಾವುದು ಕಣೋ?" ಎಂದು ದೊಡ್ಡಮ್ಮ ಕೇಳಿದಳು. ಈ ಸಲ ಕೇಳಿದ್ದು ಅವನನ್ನೇ.

"ಇದು ಅಮ್ಮ," ಎಂದ ಅವನು. "ಇದು ನಾನು. ಎಲ್ಲಾರೂ ಬಂದರು."

ಅವನ ಭುಜ ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಕಬ್ಬಿಣದ ಪಟ್ಟಿ ಕಿರ್ ಎಂದಿತು. ದೊಡ್ಡಮ್ಮ ಮಂಡಿ ಹಿಡಿದುಕೊಂಡು ಎದ್ದು, ಮುಂದಿನ ಸಾಲಿಗೆ ಬಂದು, ಅವನ ಪಕ್ಕದಲ್ಲಿ ಕೂತಳು. ಎದುರುಮನೆಯಾಕೆ ಅವಳ ಪಕ್ಕ ಕೂತಳು. ಇನ್ನೊಂದು ಬದಿಗೆ ಯಜಮಾನರು ಬಂದು ಕೂತರು. ಮಗಳು ಗುಂಡಿಯ ಮೇಲಿನ ಬೆರಳು ತೆಗೆದು, ಎದ್ದು ನೋಡುತ್ತಾ ನಿಂತಳು. ಪರದೆಯ ಬೆಳಕಿನಲ್ಲಿ ಆ ಸಾಲಿನ ತಲೆಗಳೆಲ್ಲ ಒಟ್ಟಿಗೆ ಎಡಕ್ಕೆ ಹೋಗುತ್ತಿದ್ದವು, ಒಟ್ಟಿಗೆ ಬಲಕ್ಕೆ ಬರುತ್ತಿದ್ದವು.