ಕದಲಿಸದ ಪೂಜೆ

ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಕ್ಯಾನ್ಸರು ಹರಡುತ್ತದೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದಾಗ ಅಮೃತೂರಿನ ದೊಡ್ಡಗಂಗಮ್ಮ ಸಾವಿಗೆ ಹೆದರಲಿಲ್ಲ. ಅವಳ ಚಿಂತೆಯೆಲ್ಲ ತಾನು ಹಾಡುವ ಪದಗಳದ್ದು. ಸುತ್ತಲ ಹಳ್ಳಿಗಳಲ್ಲಿ ಆಕೆ ಬಂದು ಸೋಬಾನೆ ಎತ್ತಿಕೊಳ್ಳದೆ ಹೆಣ್ಣಿಗೆ ಅರಿಶಿನ ಹಚ್ಚುತ್ತಿರಲಿಲ್ಲ. ಓದು ಬರಹ ತಿಳಿಯದವಳು. ಪದಗಳೆಲ್ಲ ತಲೆಯಲ್ಲಿದ್ದವು, ಹೊರಗೆ ಬರಲು ಅವಕ್ಕೆ ಆ ಗಂಟಲೊಂದೇ ದಾರಿ.

“ನನ್ ಪದ ಉಳೀತವೆ ಅಂದ್ರೆ ಕೊಯ್ಸ್ಕೋತೀನಿ. ಇಲ್ದಿದ್ರೆ ಹಿಂಗೇ ಹೋಯ್ತೀನಿ ಬುಡ್ಲಾ ಮಗ,” ಅಂದಳು.

ಮಗ ತಿಮ್ಮರಾಜು ಉಳಿಸುತ್ತೇನೆ ಎಂದು ಮಾತು ಕೊಟ್ಟ. ಕೊಡದೆ ಏನು ಮಾಡುತ್ತಾನೆ? ತುಮಕೂರಿನ ಸದಾಶಿವನಗರದಲ್ಲಿ ಅಣ್ಣಯ್ಯಪ್ಪನವರ ಮದುವೆ ವಿಡಿಯೊ ಸ್ಟುಡಿಯೊದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನೇ ಅವನು. ಅಲ್ಲಿ ಒಳ್ಳೆಯ ಮೈಕಿತ್ತು, ಹೊರಗಿನ ಸದ್ದು ನುಗ್ಗದ ಕೋಣೆಯಿತ್ತು, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವ ಸರ್ವರ್ ಇತ್ತು. ಯಂತ್ರ ಒಂದೇ. ಆದರೆ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಹಾಗೆ ಅದರೊಳಗೆ ಮೂರು ಕಂಪ್ಯೂಟರುಗಳು ಸಂಸಾರ ಮಾಡುತ್ತಿದ್ದವು: ಲೆಕ್ಕಕ್ಕೊಂದು, ಫೋಟೊ-ವಿಡಿಯೊಗೊಂದು, ಧ್ವನಿಗೊಂದು. ದಿನಾ ಸಂಜೆ ಅಷ್ಟರದೂ ನಕಲು ಪಕ್ಕದ ಹಾರ್ಡ್‌ಡಿಸ್ಕಿಗೆ ತಾನಾಗಿ ಇಳಿಯುತ್ತಿತ್ತು.

ಆದರೆ ಆ ಹಾರ್ಡ್‌ಡಿಸ್ಕು ಈಗ ದೇವರ ಮುಂದೆ ಕೂತಿತ್ತು. ಆಯುಧಪೂಜೆಗೆ ಕ್ಯಾಮೆರಾ, ಲೈಟು, ಡ್ರೋನುಗಳ ಸಾಲಿನಲ್ಲಿ ಅದನ್ನೂ ವೈರ್ ಕಿತ್ತು ತಂದಿಟ್ಟಿದ್ದರು. ಸರ್ವರನ್ನು ಎತ್ತಿ ತರುವುದಾಗದು, ಅದರ ಪರವಾಗಿ ಡಿಸ್ಕೇ ಕುಂಕುಮ ಹಚ್ಚಿಸಿಕೊಂಡಿತು. ಮರುದಿನ ಪೂಜೆ ಕದಲಿಸಿ ಎಲ್ಲವನ್ನೂ ಮತ್ತೆ ಕೆಲಸಕ್ಕೆ ಹಚ್ಚುವುದು ವಾಡಿಕೆ. ಅಷ್ಟರಲ್ಲಿ ಗುಬ್ಬಿಯಿಂದ ಫೋನು ಬಂತು, ಅಣ್ಣಯ್ಯಪ್ಪನವರ ಚಿಕ್ಕಪ್ಪ ತೀರಿಕೊಂಡಿದ್ದರು. ಸೂತಕ.

“ಯಾರೂ ಮುಟ್ಬೇಡ್ರಪ್ಪ. ತಿಥಿ ಮುಗಿಸ್ಕೊಂಡು ಬಂದು ನಾನೇ ಕದಲಿಸ್ತೀನಿ,” ಎಂದು ಹೇಳಿ ಅವರು ಹೊರಟರು. ಮದುವೆಯ ಕಾಲವಲ್ಲವಾದ್ದರಿಂದ ಯಾರಿಗೂ ಅವಸರವಿರಲಿಲ್ಲ.

ಅವಸರ ಇದ್ದದ್ದು ತಿಮ್ಮರಾಜುವಿಗೆ. ಆಪರೇಷನ್ನಿನ ದಿನ ಗೊತ್ತಾಗಿಹೋಗಿತ್ತು. ದೊಡ್ಡಗಂಗಮ್ಮ ಬಂದು ಎರಡು ಮಧ್ಯಾಹ್ನ ಮೈಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಅರಿಶಿನದ ಪದ, ಹಸೆಯ ಪದ, ಬೀಗರನ್ನು ಹಂಗಿಸುವ ಪದ, ಹೆಣ್ಣೊಪ್ಪಿಸುವ ಪದ. ಬೀಗರ ಪದಕ್ಕೆ ತಾನೇ ನಕ್ಕು, ನಕ್ಕಿದ್ದಕ್ಕೆ ಕೆಮ್ಮು ಬಂದು, ಕೆಮ್ಮಿ ಮುಗಿಸಿ ಬಿಟ್ಟಲ್ಲಿಂದಲೇ ಹಿಡಿದಳು. ತಿಮ್ಮರಾಜು ಗಾಜಿನ ಈಚೆ ಕೂತು ದನಿ ಎಲ್ಲೂ ಒಡೆಯದಂತೆ ನೋಡಿಕೊಂಡನೇ ಹೊರತು ಪದಗಳಿಗೆ ಕಿವಿಗೊಡಲಿಲ್ಲ. ಆಮೇಲೆ ನಿಧಾನವಾಗಿ ಕೇಳಿದರಾಯಿತು ಅಂದುಕೊಂಡ.

ಮುಗಿದ ಮೇಲೆ ದೇವರ ಮುಂದಿನ ಡಿಸ್ಕಿನತ್ತ ಒಮ್ಮೆ ನೋಡಿದ. ಅವನಿಗೇನೂ ಸೂತಕವಿರಲಿಲ್ಲ. ಎತ್ತಿ ವೈರ್ ಸಿಕ್ಕಿಸಿದ್ದರೆ ಪದಗಳ ನಕಲೂ ಅದಕ್ಕಿಳಿಯುತ್ತಿತ್ತು, ಅಡ್ಡ ಬರುವವರೂ ಇರಲಿಲ್ಲ. ಆದರೆ ಕದಲಿಸದ ಪೂಜೆಗೆ ಕೈಹಾಕಿ, ನಾಳೆ ಆಪರೇಷನ್ ಟೇಬಲ್ಲಿನ ಮೇಲೆ ಅವ್ವನಿಗೆ ಹೆಚ್ಚುಕಮ್ಮಿಯಾದರೆ? ಅವ್ವ ಉಳಿಯಲಿ ಎಂದೇ ಅವನು ಅದನ್ನು ಮುಟ್ಟಲಿಲ್ಲ. ಒಂದು ಪೆನ್‌ಡ್ರೈವಿಗಾದರೂ ಹಾಕಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೌದು, ಹಾಕಿಕೊಳ್ಳಬಹುದಿತ್ತು. ಆಸ್ಪತ್ರೆಯ ಓಡಾಟ ಮುಗಿಯಲಿ ಅಂದುಕೊಂಡ, ಅಷ್ಟೇ.

ಆಪರೇಷನ್ ಆಗಿ ದೊಡ್ಡಗಂಗಮ್ಮ ಬೆಂಗಳೂರಿನಲ್ಲಿ ಕಣ್ಣು ಬಿಡುವ ಹೊತ್ತಿಗೆ ತುಮಕೂರಿನಲ್ಲಿ ಗುಡುಗು ಮಳೆ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಯುಪಿಎಸ್ಸಿನ ಮುದಿ ಬ್ಯಾಟರಿ ಕೈಕೊಟ್ಟಿತು. ಸರ್ವರ್ ಮತ್ತೆ ಏಳಲಿಲ್ಲ.

ಅವ್ವನನ್ನು ಕುಣಿಗಲ್ಲಿನ ಅಕ್ಕ ಶಶಿಕಲಾಳ ಮನೆಯಲ್ಲಿ ಬಿಟ್ಟು ತಿಮ್ಮರಾಜು ಸ್ಟುಡಿಯೊಗೆ ಓಡಿದ. ಕೆಟ್ಟ ಡಿಸ್ಕುಗಳಿಂದ ಫೈಲು ಹೊರತೆಗೆಯುವುದನ್ನೇ ಕಸುಬು ಮಾಡಿಕೊಂಡ ಗೆಳೆಯ ರವಿಕಿರಣ್ ಗುಬ್ಬಿಯಿಂದ ಬಂದ. ಸರ್ವರಿನ ಡಿಸ್ಕು ಇನ್ನಷ್ಟು ಕೆಡದಿರಲೆಂದು ಮೊದಲು ಅದರಲ್ಲಿದ್ದುದನ್ನು ಇದ್ದ ಹಾಗೇ ಬೇರೊಂದಕ್ಕೆ ಇಳಿಸಿಕೊಂಡರು. ಲೆಕ್ಕದ ಕಂಪ್ಯೂಟರ್ ಎದ್ದಿತು. ಫೋಟೊದ್ದೂ ಎದ್ದಿತು. ಯಾರ್ಯಾರದೋ ಮದುವೆ, ಯಾರ್ಯಾರದೋ ನಗು, ಒಂದೂ ಕೆಡದೆ ಬಂದವು.

“ಬದುಕ್ಕೊಂಡ್ವಿ ಕಣಯ್ಯ,” ಎಂದು ತಿಥಿ ಮುಗಿಸಿ ಬಂದಿದ್ದ ಅಣ್ಣಯ್ಯಪ್ಪ ಬೋಳಿಸಿದ ತಲೆಯ ಮೇಲೆ ಕೈಯಾಡಿಸಿಕೊಂಡರು. ತಿಮ್ಮರಾಜುವಿಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಪಾಪ, ಅವರಾದರೂ ಏನು ಮಾಡಿಯಾರು ಅನ್ನಿಸಿ ಆಮೇಲೆ ನಾಚಿಕೆಯಾಯಿತು.

ಧ್ವನಿಯ ಕಂಪ್ಯೂಟರ್ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ.

“ಏಟು ಬಿದ್ದಿರೋದೇ ಆ ಜಾಗಕ್ಕೆ ಕಣೋ,” ಎಂದ ರವಿಕಿರಣ್. “ಚೂರುಪಾರು ಸಿಗ್ತವೆ. ಜೋಡ್ಸಕ್ಕಾಗಲ್ಲ.”

“ಸಿಕ್ಕಿದ್ದೇ ಕೊಡು.”

ಆ ಚೂರುಗಳನ್ನೇ ಒಂದೊಂದಾಗಿ ಹೆಕ್ಕಿ, ಕಿವಿಗಿಟ್ಟು ಕೇಳಿದರು. ಬರೀ ಕರಕರ. ಮತ್ತೊಂದು, ಅದೂ ಕರಕರ. ತಿಮ್ಮರಾಜು ಊಟಕ್ಕೂ ಏಳಲಿಲ್ಲ. ಕೊನೆಗೆ ಒಂದೇ ಒಂದು ಚೂರು ಬಾಯಿ ಬಿಟ್ಟಿತು. ಅದನ್ನು ಫೋನಿಗೂ ಪೆನ್‌ಡ್ರೈವಿಗೂ ರವಿಕಿರಣನ ಲ್ಯಾಪ್‌ಟಾಪಿಗೂ ಹಾಕಿಟ್ಟು ಕುಣಿಗಲ್ ಬಸ್ಸು ಹತ್ತಿದ.

ರಿಪೇರಿಗೆ ಕೊಟ್ಟಿದೀನಿ, ಬರ್ತವೆ ಎಂದು ಸುಳ್ಳು ಹೇಳುವುದೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿಮಾಡಿಕೊಂಡಿದ್ದ. ಅವ್ವ ಮಂಚದ ಮೇಲೆ ಕೂತಿದ್ದಳು, ಗಂಟಲಿಗೆ ಬಟ್ಟೆಯ ಪಟ್ಟಿ, ನಡುವೆ ಉಸಿರಿನ ಕೊಳವೆ. ಮಗನನ್ನು ಕಂಡೊಡನೆ ಮುಖ ಅರಳಿತು. ಕೇಳಿಸು ಎಂದು ಕಿವಿ ಮುಟ್ಟಿ ಸನ್ನೆ ಮಾಡಿದಳು. ಸುಳ್ಳು ಬಾಯಿಗೆ ಬರಲಿಲ್ಲ.

“ಹೋದ್ವು ಕಣವ್ವ,” ಎಂದ ತಿಮ್ಮರಾಜು. “ಎಲ್ಲಾ ಹೋದ್ವು. ನಾನೇ ಕಳ್ದುಬುಟ್ಟೆ.”

ಬಾಗಿಲಲ್ಲಿ ನಿಂತಿದ್ದ ಶಶಿಕಲಾ ಸೆರಗು ಬಾಯಿಗಿಟ್ಟುಕೊಂಡಳು. ದೊಡ್ಡಗಂಗಮ್ಮ ಅಳಲಿಲ್ಲ. ಕೈ ಮಾತ್ರ ಹಾಗೇ ಚಾಚಿದಳು. ತಿಮ್ಮರಾಜು ಫೋನು ತೆಗೆದು ಆ ಚೂರನ್ನು ಹಾಕಿದ. ಒಂದು ಕೆಮ್ಮು. ಲೋಟ ಕೆಳಗಿಟ್ಟ ಸದ್ದು. ಆಮೇಲೆ ಅವ್ವನ ದನಿ: “ಹೇಳ್ಲಾ ಮಗ?” ಅದರ ಹಿಂದೆಯೇ ಅವನದು: “ಹ್ಞೂ, ಹೇಳವ್ವ.” ಅಲ್ಲಿಗೆ ಮುಗಿಯಿತು.

ಇನ್ನೊಂದು ಸಲ ಎಂದು ಬೆರಳೆತ್ತಿದಳು. ಮತ್ತೆ ಹಾಕಿದ. “ಹೇಳ್ಲಾ ಮಗ?” “ಹ್ಞೂ, ಹೇಳವ್ವ.”

ದೊಡ್ಡಗಂಗಮ್ಮ ಕಣ್ಣು ಮುಚ್ಚಿ ಬಾಯಿ ತೆರೆದಳು. ತುಟಿಗಳು ಆಡತೊಡಗಿದವು. ಕೊಳವೆಯಿಂದ ಗಾಳಿ ಸುಯ್ಯೆಂದು ಹೋಗಿಬರುತ್ತಿತ್ತು, ಬೇರೆ ಸದ್ದಿಲ್ಲ. ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

“ಯಾವ್ ಪದಾಲಾ ತಿಮ್ಮ ಇದು?” ಎಂದು ಶಶಿಕಲಾ ಪಿಸುಗುಟ್ಟಿದಳು.

“ಗೊತ್ತಾಯ್ತಿಲ್ಲ ಕಣಕ್ಕ.”

ಒಂದು ನುಡಿ ಮುಗಿಯಿತೆಂದು ಕಾಣುತ್ತದೆ. ದೊಡ್ಡಗಂಗಮ್ಮ ತಾಳ ನಿಲ್ಲಿಸದೆ, ಜೊತೆಯವರು ತಿರುಗಿ ಹಾಡುವ ಸೊಲ್ಲು ಹಿಡಿಯಲೆಂದು ತುಟಿ ಮುಚ್ಚಿ ಕಾದಳು. ಏನು ಹಿಡಿಯಬೇಕೆಂದು ಮಕ್ಕಳಿಬ್ಬರಿಗೂ ತಿಳಿಯಲಿಲ್ಲ.