ಬಿದಿರಿನ ಬ್ರಷ್ಷಿನ ಸರ್ವೆ

ಎಂಬಿಎ ಕೊನೆಯ ವರ್ಷದ ಸಿಂಚನ ಪ್ರಾಜೆಕ್ಟಿಗೆಂದು ತನ್ನೂರು ದೊಡ್ಡಬೆಳವಂಗಲದಲ್ಲೇ ಸರ್ವೆ ಹಿಡಿದಳು. ಯಾವ ವಯಸ್ಸಿನವರು, ಎಷ್ಟು ಓದಿದವರು ಪರಿಸರಸ್ನೇಹಿ ಸಾಮಾನು ಕೊಳ್ಳುತ್ತಾರೆಂದು ಕಂಡುಹಿಡಿಯಬೇಕು. ಓದಿದ ಹುಡುಗರು ಕೊಳ್ಳುತ್ತಾರೆ, ಮುದುಕರು ಕೊಳ್ಳುವುದಿಲ್ಲ ಎಂದು ಅವಳು ಮೊದಲೇ ಬರೆದಿಟ್ಟುಕೊಂಡಿದ್ದಳು. ಸಾಬೀತು ಮಾಡುವುದಷ್ಟೇ ಬಾಕಿ.

ಊರೂ ಸಹಕರಿಸಿತು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿದ್ದ ಡಿಪ್ಲೊಮಾ ನವೀನ್‌ಕುಮಾರ್ ಎಲ್ಲ ಪ್ರಶ್ನೆಗೂ 'ಖಂಡಿತ ಕೊಳ್ಳುತ್ತೇನೆ' ಎಂದು ಟಿಕ್ ಹಾಕಿದ. "ಭೂಮಿ ಉಳೀಬೇಕು ಅಂದ್ರೆ ನಮ್ಮಂಥೋರು ಮುಂದೆ ಬರ್ಬೇಕು ಸಿಂಚು" ಎಂದ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಎಪ್ಪತ್ತೊಂದರ ಮುನಿವೆಂಕಟಪ್ಪ ಹತ್ತು ಪ್ರಶ್ನೆಗೂ "ಇಲ್ಲ ಕಣವ್ವ" ಎಂದು ಎದ್ದುಹೋದ.

ಗೈಡ್ ಮಮತ ಮೇಡಂ ಒಪ್ಪಲಿಲ್ಲ. "ಬಾಯಲ್ಲಿ ಹೇಳೋದು ಬೇರೆ, ಕೊಳ್ಳೋದು ಬೇರೆ. ಮಾರಿ ನೋಡು."

ಭಾನುವಾರ ಬೆಳಿಗ್ಗೆ ಸಿಂಚನ ಒಂದು ಡಬ್ಬ ಬಿದಿರಿನ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡು ಹಾಲಿನ ಡೈರಿ ಮುಂದೆ ಕೂತಳು. ನವೀನ್‌ಕುಮಾರ್ ಬಂದ, ಬ್ರಷ್ ಹಿಡಿದು ಸೆಲ್ಫಿ ತೆಗೆದ, ಸ್ಟೇಟಸ್ಸಿಗೆ ಹಾಕಿದ, ವಾಪಸ್ ಇಟ್ಟ. "ಹೋದ್ ವಾರಾನೇ ಒಂದು ತಗೊಂಡ್ಬಿಟ್ಟೆ. ಮುಂದಿನ್ ಸಲ ನೋಡಾಣ" ಎಂದು ಬೈಕ್ ಹತ್ತಿದ. ಟಿಕ್ ಹಾಕಿದ್ದ ಉಳಿದವರು ಅವಳ ಕಣ್ಣು ತಪ್ಪಿಸಿ ರಸ್ತೆಯ ಆ ಬದಿಯಲ್ಲೇ ಓಡಾಡಿದರು.

ಆಮೇಲೆ ಬಂದ ಮುನಿವೆಂಕಟಪ್ಪ ಹಿಡಿಯನ್ನು ಬಗ್ಗಿಸಿ ನೋಡಿ, ಎಳೆಗಳ ಮೇಲೆ ಬೆರಳಾಡಿಸಿ, "ಆರು ಕೊಡು" ಎಂದ. ಅರ್ಧ ಗಂಟೆಯಲ್ಲಿ ಅವನ ವಾರಿಗೆಯ ಬೈರಪ್ಪ ಬಂದ, ಅವನ ಹಿಂದೆ ಇನ್ನೂ ಮೂವರು ತಾತಂದಿರು. ಡಬ್ಬ ಖಾಲಿ!

ವಯಸ್ಸು ಏರಿದಂತೆ ಗ್ರಾಫ್ ಏರಿದ್ದನ್ನು ಕಂಡು ಮಮತ ಮೇಡಂ ಕುರ್ಚಿಯಿಂದಲೇ ಎದ್ದರು. "ಇಂಥ ರಿಸಲ್ಟ್ ನಾನು ನೋಡೇ ಇಲ್ಲ! ಅವರಿಗೆ ಪರಿಸರದ ಮೇಲೆ ಇಷ್ಟು ಕಾಳಜಿ ಯಾಕೆ ಅಂತ ಕೇಳ್ಕೊಂಡು ಬಾ."

ಸಿಂಚನ ತೋಟಕ್ಕೆ ಹೋದಾಗ ಮುನಿವೆಂಕಟಪ್ಪ ಬೋರ್‌ವೆಲ್ ಪಕ್ಕ ಕೂತು, ಡ್ರಿಪ್ ಪೈಪಿನ ಫಿಲ್ಟರ್ ಬಿಚ್ಚಿಟ್ಟುಕೊಂಡು ಬಿದಿರಿನ ಬ್ರಷ್ಷಿನಲ್ಲಿ ಉಜ್ಜುತ್ತಿದ್ದ.

"ತಾತ, ಅದು ಹಲ್ಲುಜ್ಜಕ್ಕೆ!"

ಮುನಿವೆಂಕಟಪ್ಪ ಬಾಯಿ ತೆರೆದು ನಕ್ಕ. ಒಳಗೆ ಬರೀ ವಸಡು. "ಹಲ್ಲೆಲ್ಲೈತವ್ವ ನಂಗೆ? ಈ ಜಾಲರಿ ಪಾಚಿಗೆ ಪ್ಲಾಸ್ಟಿಕ್ ಹಿಡಿ ಪಟಕ್ಕಂತ ಮುರ್ದೋಯ್ತದೆ. ಇದು ಗಟ್ಟಿ. ಬೈರಪ್ಪಂಗೂ ನಾನೇ ಹೇಳಿದ್ದು."

ಬಸ್ಸಿನಲ್ಲಿ ಸಿಂಚನ ತಾತನ ಪರವಾಗಿ ಮೂರು ಘನವಾದ ಕಾರಣಗಳನ್ನು ಹೊಸೆದಳು. ಭೂತಾಯಿ, ಮೊಮ್ಮಕ್ಕಳ ಭವಿಷ್ಯ ಎಲ್ಲ ಅದರಲ್ಲಿದ್ದವು. ಮೇಡಂ ಮುಂದೆ ನಿಂತಾಗ ಮಾತ್ರ ಅವನ್ನೆಲ್ಲ ನುಂಗಿಕೊಂಡಳು. ಇದ್ದದ್ದನ್ನು ಇದ್ದಹಾಗೇ ಹೇಳಿ, ಬೈಗುಳಕ್ಕೆ ಕಾಯುತ್ತ ತಲೆ ತಗ್ಗಿಸಿದಳು.

ಮೇಡಂ ಗ್ರಾಫನ್ನು ಮಡಿಸಿ ಪಕ್ಕಕ್ಕಿಟ್ಟರು. ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

"ನಮ್ಮನೆ ಮಿಕ್ಸಿ ಸಂದೀಲಿ ಚಟ್ನಿ ಒಣಗಿ ಕೂತಿದೆ ಕಣಮ್ಮ. ಅದೂ ಹೋಗತ್ತಾ?"